ಸುತ್ತ ನೀರು, ಆದರೂ ಬೆಂಕಿಯ ಭಯ

ಪ್ರಶ್ನೆ: ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ, ಭದ್ರಾ ಹಿನ್ನೀರಿನ ಮೋಟಾರು ದೋಣಿ ಹತ್ತಿದ್ದೆವು. ಸುತ್ತಲೂ ನೀರೇ ಇರುವಾಗ ದೋಣಿಗೆ ಬೆಂಕಿ ಆರಿಸುವ ಸಿಲಿಂಡರ್ ಯಾಕೆ ಬೇಕು?
– ಓದುಗರೊಬ್ಬರು, ಅಜ್ಜಂಪುರ

ಉತ್ತರ: ಪೆಟ್ರೋಲ್ ಹೊತ್ತಿಕೊಂಡರೆ ಆ ನೀರಿನಿಂದ ಉಪಯೋಗವಿಲ್ಲ. ಪೆಟ್ರೋಲ್ ನೀರಿಗಿಂತ ಹಗುರ. ಬಕೆಟ್ ನೀರು ಸುರಿದರೆ ಉರಿಯುವ ಎಣ್ಣೆ ಅದರ ಮೇಲೆ ತೇಲಿಕೊಂಡು ನಿಮ್ಮ ಕಾಲಬುಡಕ್ಕೇ ಬರುತ್ತದೆ. ಅದಕ್ಕೇ ಒಣಪುಡಿ ಅಥವಾ ನೊರೆಯ ಸಿಲಿಂಡರ್. ಹಿಡಿಯಬೇಕಾದ್ದು ಜ್ವಾಲೆಯ ತುದಿಗಲ್ಲ, ಬುಡಕ್ಕೆ.

ಇನ್ನೂ ಅಪಾಯದ್ದು ಪೆಟ್ರೋಲಿನ ಆವಿ. ಅದು ಗಾಳಿಗಿಂತ 3–4 ಪಟ್ಟು ಭಾರ. ಬಯಲಿನಲ್ಲಾದರೆ ಚದುರಿಹೋಗುತ್ತದೆ; ದೋಣಿಯ ತಳದಲ್ಲಿ ಮಾತ್ರ ಕಣಿವೆಯ ಮಂಜಿನಂತೆ ಕೂತುಬಿಡುತ್ತದೆ. ಎಂಜಿನ್ ಚಾಲೂ ಮಾಡುವಾಗಿನ ಒಂದು ಕಿಡಿ ಸಾಕು. ಬಿಚ್ಚಿ ತೆಗೆಯಬಹುದಾದ ಟ್ಯಾಂಕನ್ನು ದಡಕ್ಕೆ ತಂದೇ ತುಂಬಿಸಬೇಕು. (ಆ ಹೊತ್ತಿನಲ್ಲಿ ಪಕ್ಕದಲ್ಲಿ ಬೀಡಿ ಸೇದುವವರು ಕಂಡರೆ ನಾನಂತೂ ಮುಂದಿನ ದೋಣಿಗೆ ಕಾಯುತ್ತೇನೆ.)

ನಡುನೀರಿನಲ್ಲಿ ಹೊತ್ತಿಕೊಂಡರೆ? ಎಂಜಿನ್ ಹಿಂಭಾಗದಲ್ಲಿದ್ದರೆ ದೋಣಿಯ ಮೂತಿಯನ್ನು ಗಾಳಿಗೆ ಎದುರು ತಿರುಗಿಸಬೇಕು, ಜ್ವಾಲೆ ಹಿಂದಕ್ಕೇ ವಾಲುತ್ತದೆ. ತಕ್ಷಣ ಎಂಜಿನ್ ಬಂದ್, ಇಂಧನದ ಕೊಳವೆಯೂ ಬಂದ್. ಪ್ರಯಾಣಿಕರು ಮುಂದಕ್ಕೆ ಸರಿಯಬೇಕು. ಎಲ್ಲರೂ ಒಂದೇ ಮಗ್ಗುಲಿಗೆ ನುಗ್ಗಿದರೆ ದೋಣಿ ಮಗುಚುತ್ತದೆ. ಲೈಫ್ ಜಾಕೆಟ್ ಹತ್ತುವಾಗಲೇ ಕಟ್ಟಿರಬೇಕು. ಸೆಖೆಯೆಂದು ಬಿಚ್ಚಿ ಸೀಟಿನಡಿ ತುರುಕಿದ್ದು ಹೊಗೆಯಲ್ಲಿ ಕೈಗೆ ಸಿಗುವುದಿಲ್ಲ.