ಒಂದು ಟಿಎಂಸಿ ಜನ, ಐವತ್ತು ಕೋಟಿ ಟಿಎಂಸಿ ಜೋಡಿ

ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಕನಸಿನ ಕನ್ನಂಬಾಡಿ ಕಟ್ಟೆ ತುಂಬಿದರೆ 49.45 ಟಿಎಂಸಿ ನೀರು. ಮಳೆಗಾಲದ ಪತ್ರಿಕೆಗಳಲ್ಲಿ ಈ ಅಂಕಿಯನ್ನು ಓದಿ ಓದಿ, ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ ಎಂಬುದೇ ನಮಗೆ ಮರೆತುಹೋಗಿದೆ. ಘನ ಅಡಿಗೊಬ್ಬರಂತೆ ಜನರನ್ನು ಎಣಿಸುತ್ತಾ ಹೋಗಿ. ಅಂಥ ಒಂದಿಡೀ ಟಿಎಂಸಿ ಜನರನ್ನು ಬೇರೆಬೇರೆಯಾಗಿ ಗುರುತಿಸಿ, ಒಬ್ಬೊಬ್ಬರಿಗೂ ಒಂದೊಂದು ನಂಬರು ಕೊಟ್ಟ ಕಂಪ್ಯೂಟರುಗಳ ಪಡೆಯೊಂದಿದೆ. ಅದನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಚಿಕ್ಕಬಳ್ಳಾಪುರಕ್ಕೆ ಬಂದು ಹೆದ್ದಾರಿ ಹಿಡಿದು, ದೇವನಹಳ್ಳಿ, ಯಲಹಂಕ ದಾಟಿದರೆ ಕೊಡಿಗೇಹಳ್ಳಿ. ಮುದ್ದೇನಹಳ್ಳಿಯಿಂದ ಸುಮಾರು 50 ಕಿಲೋಮೀಟರ್. ಆಧಾರ್‌ನ ತಂತ್ರಜ್ಞಾನ ಕೇಂದ್ರ ಇರುವುದು ಅಲ್ಲೇ. ಜೋಡಿ ಡೇಟಾ ಸೆಂಟರ್ ಹರಿಯಾಣದ ಮಾನೇಸರದಲ್ಲಿದೆ.

ಮೊದಲ ಆಧಾರ್ ಸಂಖ್ಯೆ ಕೊಟ್ಟದ್ದು 2010ರ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ತೆಂಭ್ಲಿ ಎಂಬ ಹಳ್ಳಿಯಲ್ಲಿ. ನೂರು ಕೋಟಿ ಮುಟ್ಟಿದ್ದು 2016ರ ಏಪ್ರಿಲ್ 4ರಂದು. ನಡುವೆ 2014 ದಿನ. ಅಂದರೆ ಭಾನುವಾರ, ಯುಗಾದಿ, ದೀಪಾವಳಿ ಯಾವುದನ್ನೂ ಬಿಡದೆ ದಿನಕ್ಕೆ ಸರಾಸರಿ ಐದು ಲಕ್ಷ ಜನ! ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ ಎಲ್ಲ ಸೇರಿ 2011ರ ಜನಗಣತಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 12,55,104. ಇಡೀ ಜಿಲ್ಲೆಗೆ ಎರಡೂವರೆ ದಿನ ಸಾಕು.

ಒಬ್ಬೊಬ್ಬರಿಂದಲೂ ಹತ್ತು ಬೆರಳಚ್ಚು, ಎರಡು ಕಣ್ಣುಪಾಪೆಯ ಚಿತ್ರ, ಒಂದು ಮುಖ. ಎಲ್ಲ ಸೇರಿ ತಲೆಗೆ ಸುಮಾರು 5 ಮೆಗಾಬೈಟ್. ನೂರು ಕೋಟಿ ಜನಕ್ಕೆ 5 ಪೆಟಾಬೈಟ್, ಅಂದರೆ 5ರ ಮುಂದೆ 15 ಸೊನ್ನೆ. ಬೈಟಿಗೊಂದು ಅಕ್ಷರದಂತೆ, ಹಾಳೆಗೆ 2000 ಅಕ್ಷರ ಅಚ್ಚು ಹಾಕಿದರೆ 2.5 ಲಕ್ಷ ಕೋಟಿ ಹಾಳೆ. ಒಂದರ ಮೇಲೊಂದು ಪೇರಿಸಿದರೆ 2.5 ಲಕ್ಷ ಕಿಲೋಮೀಟರ್ ಎತ್ತರ. ಇಂಥ ವ್ಯವಸ್ಥೆಗಳಲ್ಲಿ ಒಂದೇ ಪ್ರತಿಯನ್ನು ನಂಬಿ ಕೂರುವವರಿಲ್ಲ. ರೂಢಿಯಂತೆ ಮೂರು ಪ್ರತಿ ಇಟ್ಟರೆ 7.5 ಲಕ್ಷ ಕಿಲೋಮೀಟರ್. ಆ ಕಾಗದದ ಕಂಬ ಇಲ್ಲಿಂದ ಹೊರಟು ಚಂದ್ರನನ್ನು ಮುಟ್ಟಿ, ತಿರುಗಿ ಹೆಚ್ಚೂಕಡಿಮೆ ನಮ್ಮ ಅಂಗಳಕ್ಕೇ ಬಂದು ನಿಲ್ಲುತ್ತದೆ.

ಇಷ್ಟನ್ನು ಒಂದೇ ಕಂಪ್ಯೂಟರ್ ಹೊರಲಾರದು. ಸಾಮಾನ್ಯ ಸರ್ವರ್‌ಗಳನ್ನೇ ರಾಶಿರಾಶಿಯಾಗಿ ಜೋಡಿಸಿ, ಹಡೂಪ್‌ನಂಥ ತಂತ್ರಾಂಶದಿಂದ ಒಂದೇ ನೊಗಕ್ಕೆ ಕಟ್ಟಿ ದುಡಿಸುತ್ತಾರೆ. ಅಂಥ ಪಡೆಯನ್ನು ನೋಡಿಕೊಳ್ಳುವ ಅಡ್ಮಿನ್‌ಗಳ ಪಾಡನ್ನೂ ಅಂಕಿಯಲ್ಲೇ ನೋಡಬೇಕು. ಗೂಗಲ್‌ನ ಜೆಫ್ ಡೀನ್ 2008ರಲ್ಲಿ ತಮ್ಮಲ್ಲಿಯ ಲೆಕ್ಕ ಬಿಚ್ಚಿಟ್ಟಿದ್ದರು: ಹೊಸದಾಗಿ ಕಟ್ಟಿದ ಒಂದು ಕ್ಲಸ್ಟರಿನಲ್ಲಿ ಮೊದಲ ವರ್ಷವೇ ಸುಮಾರು 1000 ಯಂತ್ರಗಳು ಕೈಕೊಡುತ್ತವೆ, ಕೆಡುವ ಡಿಸ್ಕುಗಳಂತೂ ಸಾವಿರಾರು. ಒಂಬತ್ತು ಗಂಟೆ ಕಳೆಯುವುದರೊಳಗೆ ಒಂದು ಯಂತ್ರ ಮಲಗಿರುತ್ತದೆ! ತಿಂಡಿಯ ಹೊತ್ತಿಗೊಂದು, ಸಂಜೆಗೊಂದು, ನಡುರಾತ್ರಿಗೊಂದು. ಆದರೂ ಸೇವೆ ನಿಲ್ಲುವಂತಿಲ್ಲ. ಓಡುತ್ತಿರುವಾಗಲೇ ಸತ್ತದ್ದನ್ನು ತೆಗೆದು, ಹೊಸದನ್ನು ಸೇರಿಸಿ, ತಂತ್ರಾಂಶದ ಹೊಸ ಆವೃತ್ತಿಯನ್ನೂ ಹತ್ತಿಸಬೇಕು. ಕಂಪ್ಯೂಟರ್ ಲೋಕದ ಸಾಹಸಗಳಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಹೆಸರಿಲ್ಲದ ಈ ದುಡಿಮೆಯೇ.

ಸೇವೆ ನಿಲ್ಲಿಸುವಂತಿಲ್ಲ, ಏಕೆಂದರೆ ಆಧಾರ್‌ನ ಬಾಗಿಲಲ್ಲಿ ಸದಾ ಜನಜಂಗುಳಿ. ರೇಷನ್ ಅಂಗಡಿ, ಬ್ಯಾಂಕು, ಸಿಮ್ ಕಾರ್ಡ್ ಮಾರುವ ಮಳಿಗೆ ಎಲ್ಲ ಕಡೆಯಿಂದ 'ಇವರು ಇವರೇನಾ?' ಎಂದು ಆಧಾರ್‌ಗೆ ಕೇಳಿಬಂದ ಪ್ರಶ್ನೆಗಳು 2024-25ರ ಒಂದೇ ವರ್ಷದಲ್ಲಿ 2707 ಕೋಟಿ. ದಿನಕ್ಕೆ 7.4 ಕೋಟಿ. 2011ರ ಜನಗಣತಿಯಲ್ಲಿ ಕರ್ನಾಟಕದ ಜನರೇ 6.11 ಕೋಟಿ! ಇಡೀ ರಾಜ್ಯ ದಿನಾ ಒಂದು ಸಲ ಕದ ತಟ್ಟಿದರೂ ಈ ಲೆಕ್ಕ ತುಂಬದು.

ಇದಿನ್ನೂ ಸುಲಭದ ಪ್ರಶ್ನೆ. ಹೊಸಬರು ಹೆಸರು ಬರೆಸಲು ಬಂದಾಗ ಕೇಳಬೇಕಾದ ಪ್ರಶ್ನೆ ಬೇರೆ: 'ಇವರು ಮೊದಲೇ ಬೇರೆ ಹೆಸರಿನಲ್ಲಿ ಬಂದುಹೋಗಿದ್ದಾರೆಯೇ?' ಇದಕ್ಕೆ ಉತ್ತರ ಬೇಕಾದರೆ ಬಂದವರನ್ನು ಆಗಲೇ ಒಳಗಿರುವ ಎಲ್ಲರೊಂದಿಗೂ ಹೋಲಿಸಬೇಕು. ಸಾವಿರ ಜನರ ಒಂದು ಹಳ್ಳಿಗೆ 4,99,500 ಹೋಲಿಕೆ. ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಮಾಡಿದರೆ ಆರು ದಿನದೊಳಗೆ ಮುಗಿಯಿತು. ಚಿಕ್ಕಬಳ್ಳಾಪುರ ಜಿಲ್ಲೆಗೆ? ಸುಮಾರು 25,000 ವರ್ಷ! ಮನುಷ್ಯ ಬೇಸಾಯ ಕಲಿಯುವ ಎಷ್ಟೋ ಮೊದಲೇ ಕೆಲಸಕ್ಕೆ ಕೂತಿರಬೇಕಿತ್ತು. ಕರ್ನಾಟಕಕ್ಕೆ 5.9 ಕೋಟಿ ವರ್ಷ. ಡೈನೋಸಾರ್‌ಗಳು ಅಳಿದದ್ದೇ 6.6 ಕೋಟಿ ವರ್ಷದ ಹಿಂದೆ.

ಇನ್ನು ನೂರು ಕೋಟಿ ಜನ. ಹೋಲಿಸಬೇಕಾದ ಜೋಡಿಗಳು 5ರ ಮುಂದೆ 17 ಸೊನ್ನೆ. ಜೋಡಿಗೊಂದು ಘನ ಅಡಿ ನೀರು ಎಂದುಕೊಂಡರೆ 50 ಕೋಟಿ ಟಿಎಂಸಿ. ಒಂದು ಕೋಟಿ ಕನ್ನಂಬಾಡಿ ಕಟ್ಟೆಗಳು ತುಂಬಿ ತುಳುಕಬೇಕು! ಸೆಕೆಂಡಿಗೊಂದರಂತೆ 1584 ಕೋಟಿ ವರ್ಷದ ಕೆಲಸ. ವಿಶ್ವ ಹುಟ್ಟಿ ಆಗಿರುವುದು 1380 ಕೋಟಿ ವರ್ಷ. ಮಹಾಸ್ಫೋಟದ ಮರುಕ್ಷಣವೇ ಕೂತವನಿಗೂ ಇನ್ನೂ ಇನ್ನೂರು ಕೋಟಿ ವರ್ಷದ ಬಾಕಿ.

ಯಂತ್ರಗಳಿಗೆ ಸಿಕ್ಕಿದ್ದು 2014 ದಿನ. ಸೆಕೆಂಡಿಗೆ ಸರಾಸರಿ 287 ಕೋಟಿ ಹೋಲಿಕೆ. ಸರಾಸರಿ ಮಾತು ಬಿಡಿ, ಭರಾಟೆಯ ದಿನಗಳ ವೇಗ ನೋಡಿ: ಒಳಗೆ 60 ಕೋಟಿ ಜನ, ಹೊಸದಾಗಿ ದಿನಕ್ಕೆ 10 ಲಕ್ಷ. ಹಾಗಿದ್ದಾಗ ದಿನಕ್ಕೆ 600 ಲಕ್ಷ ಕೋಟಿ, ಸೆಕೆಂಡಿಗೆ ಸುಮಾರು 694 ಕೋಟಿ. ಹೆಚ್ಚೂಕಡಿಮೆ ಆಗ ಭೂಮಿಯ ಮೇಲಿದ್ದ ಒಬ್ಬೊಬ್ಬರ ಪಾಲಿಗೂ ಒಂದೊಂದು ಹೋಲಿಕೆ, ಒಂದೇ ಸೆಕೆಂಡಿನಲ್ಲಿ.

ಇಷ್ಟೂ ಮನುಷ್ಯನಿಗೊಂದೇ ಗುರುತು ಎಂದುಕೊಂಡು ಹಾಕಿದ ಲೆಕ್ಕ. ಹತ್ತು ಬೆರಳು, ಎರಡು ಕಣ್ಣುಗಳನ್ನು ಬಿಡಿಬಿಡಿಯಾಗಿ ಎಣಿಸಿದರೆ ಹನ್ನೆರಡು ಪಟ್ಟು: 19,000 ಕೋಟಿ ವರ್ಷ. ವಿಶ್ವದ ವಯಸ್ಸು ಇದನ್ನು ಅಳೆಯಲು ಸಾಲದಾದಾಗ ಪುರಾಣಕ್ಕೇ ಹೋಗಬೇಕು. ಬ್ರಹ್ಮನ ಒಂದು ಹಗಲು, ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. ಅಂಥ 44 ಹಗಲು ಬೇಕು! ನೂರು ಕೋಟಿ ಮುಟ್ಟಿದ ಮೇಲೂ ಆಧಾರ್ ಬೆಳೆಯುತ್ತಲೇ ಇದೆ. ಕೊಟ್ಟ ಒಟ್ಟು ಸಂಖ್ಯೆಗಳು 142 ಕೋಟಿ ದಾಟಿವೆ. ಜನ ಹೆಚ್ಚಿದ್ದು ನೂರಕ್ಕೆ ನಲವತ್ತೆರಡು ಮಾತ್ರ, ಜೋಡಿಗಳಾದರೋ ಇಮ್ಮಡಿಯಾದವು. ಬ್ರಹ್ಮನ ಹಗಲುಗಳ ಲೆಕ್ಕ ಈಗ 88 ದಾಟಿದೆ.