ವಿದ್ಯುತ್ತನ್ನು ಹೊತ್ತೊಯ್ಯುವ ಬಗೆ

ಮಳವಳ್ಳಿಯ ದಕ್ಷಿಣಕ್ಕೆ, ಶಿವನಸಮುದ್ರದ ಬಳಿ ಕಾವೇರಿ ನದಿಯು ಎರಡು ಕವಲಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿ ಎಂಬ ಜಲಪಾತಗಳಾಗಿ ಧುಮುಕುತ್ತದೆ. ಈ ಧುಮುಕುವ ನೀರಿನ ಬಲವನ್ನು ಬಳಸಿಕೊಂಡು 1902ರಲ್ಲಿ ಮೈಸೂರು ಸಂಸ್ಥಾನವು ಇಲ್ಲಿ ಒಂದು ಜಲವಿದ್ಯುತ್ ಕೇಂದ್ರವನ್ನು ಆರಂಭಿಸಿತು. ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಂತಿಯ ಮೂಲಕ ಮುಟ್ಟಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸುವುದು ಆ ಕಾಲಕ್ಕೆ ಇಡೀ ಜಗತ್ತೇ ಬೆರಗಾಗುವಂಥ ಸಾಹಸವಾಗಿತ್ತು. ಮೂರು ವರ್ಷಗಳ ಬಳಿಕ, ಎಂದರೆ 1905ರಲ್ಲಿ, ಬೆಂಗಳೂರು ನಗರದಲ್ಲಿಯೂ ಈ ವಿದ್ಯುತ್ತಿನಿಂದ ದೀಪಗಳು ಬೆಳಗಿದವು.

ಆದರೆ ಬೇಸಗೆಯಲ್ಲಿ ನದಿ ಸೊರಗಿದರೆ ಯಂತ್ರಗಳಿಗೆ ನೀರು ಸಾಲದಾಗುತ್ತಿತ್ತು. ಈ ಕೊರತೆಯನ್ನು ನೀಗಿಸುವುದೂ ಕನ್ನಂಬಾಡಿಯ ಬಳಿ ಕೃಷ್ಣರಾಜಸಾಗರವನ್ನು ಕಟ್ಟಿದ ಉದ್ದೇಶಗಳಲ್ಲಿ ಒಂದು. 1911ರಲ್ಲಿ ಆರಂಭವಾದ ಆ ಕಟ್ಟೆಯ ಕೆಲಸ ಎರಡು ದಶಕಗಳವರೆಗೆ ನಡೆಯಿತು. ಮಳೆಗಾಲದ ನೀರನ್ನು ಕೂಡಿಟ್ಟು, ಬೇಕಾದಾಗ ಬೇಕಾದಷ್ಟನ್ನು ಬಿಡುವುದು ಇದರಿಂದ ಸಾಧ್ಯವಾಯಿತು. ಹೀಗೆ ನೀರನ್ನೇನೋ ಕಟ್ಟಿಡಬಹುದು. ನೀರಿನಿಂದ ಹುಟ್ಟಿದ ವಿದ್ಯುತ್ತನ್ನು ಕಟ್ಟಿಡುವುದು ಹೇಗೆ? ತಂತಿಯಲ್ಲಿ ಹರಿಯುವ ವಿದ್ಯುತ್ತು ಹುಟ್ಟಿದ ಕ್ಷಣದಲ್ಲಿಯೇ ಎಲ್ಲಿಯಾದರೂ ಬಳಕೆಯಾಗಬೇಕು. ಅದನ್ನು ಕೊಡದಲ್ಲಿ ತುಂಬಿಡಲಾಗದು, ಗೋಣಿಯಲ್ಲಿ ಕಟ್ಟಲಾಗದು.

ದೀಪ, ಅಕ್ಕಿಯ ಗಿರಣಿ, ಗದ್ದೆಯ ಪಂಪ್‌ಸೆಟ್ಟು ಇವೆಲ್ಲವೂ ಇದ್ದಲ್ಲಿಯೇ ಇರುವ ವಸ್ತುಗಳು. ತಂತಿಯೇ ಅವುಗಳ ಬಳಿಗೆ ಹೋಗುತ್ತದೆ. ರೈಲು ಕೂಡ ತನ್ನ ದಾರಿಯುದ್ದಕ್ಕೂ ಮೇಲೆ ಕಟ್ಟಿರುವ ತಂತಿಯನ್ನು ಮುಟ್ಟಿಕೊಂಡೇ ಓಡಬಲ್ಲದು. ಆದರೆ ಒಂದು ದಿನ ಮಂಡ್ಯದಿಂದ ಮಳವಳ್ಳಿಗೂ ಮರುದಿನ ಮದ್ದೂರಿಗೂ ಹೋಗುವ ಸ್ಕೂಟರಿನ ಹಿಂದೆ ತಂತಿಯನ್ನು ಎಳೆದುಕೊಂಡು ಹೋಗುವಂತಿಲ್ಲ. ಅಂಥ ವಾಹನವು ವಿದ್ಯುತ್ತನ್ನು ತನ್ನೊಡನೆ ಹೊತ್ತೊಯ್ಯಬೇಕು. ಈ ಹೊರೆಯನ್ನು ಹೊರುವ ಸಾಧನವೇ ಬ್ಯಾಟರಿ. ನಿಜವಾಗಿ ನೋಡಿದರೆ ಬ್ಯಾಟರಿಯೊಳಗೆ ಇರುವುದು ವಿದ್ಯುತ್ತಲ್ಲ, ರಾಸಾಯನಿಕ ಶಕ್ತಿ. ತುಂಬುವಾಗ ವಿದ್ಯುತ್ತು ರಾಸಾಯನಿಕ ಶಕ್ತಿಯಾಗುತ್ತದೆ. ಬಳಸುವಾಗ ಅದೇ ಮತ್ತೆ ವಿದ್ಯುತ್ತಾಗಿ ಹೊರಬರುತ್ತದೆ.

ಇಟಲಿಯ ವೋಲ್ಟಾ 1800ರಲ್ಲಿ ಮೊದಲ ವಿದ್ಯುತ್ಕೋಶವನ್ನು ರಚಿಸಿದನು. ಒಮ್ಮೆ ಬರಿದಾದ ಮೇಲೆ ಮತ್ತೆ ತುಂಬಬಲ್ಲ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ನಿರ್ಮಿಸಿದನು. ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿದ ಈ ಬ್ಯಾಟರಿಯು ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಎಂಜಿನ್ನನ್ನು ಚಾಲೂ ಮಾಡಲು ಇಂದಿಗೂ ಬಳಕೆಯಲ್ಲಿದೆ. ಎಂಜಿನ್ನನ್ನು ಚಾಲೂ ಮಾಡುವುದೇ ಬೇರೆ, ಇಡೀ ವಾಹನವನ್ನು ಎಳೆಯುವುದೇ ಬೇರೆ. ಮನೆಯ ವಿದ್ಯುತ್ ಬಿಲ್ಲಿನಲ್ಲಿ ‘ಯೂನಿಟ್’ ಎಂದು ಬರೆದಿರುವ ಅಳತೆಯನ್ನೇ ತೆಗೆದುಕೊಂಡು ನೋಡಬಹುದು. ಒಂದು ಯೂನಿಟ್ ವಿದ್ಯುತ್ತನ್ನು ಹೊರಲು ಸೀಸದ ಬ್ಯಾಟರಿಯು ಸುಮಾರು 30 ಕಿಲೋಗ್ರಾಂ ತೂಗಬೇಕು. ಒಂದು ಕಾರಿಗೆ 40 ಯೂನಿಟ್ ಬೇಕೆಂದರೆ ಬ್ಯಾಟರಿಯ ತೂಕವೇ ಒಂದು ಟನ್ನನ್ನು ಮೀರುತ್ತದೆ! ಎತ್ತು ತಿಂಗಳ ಮೇವನ್ನೆಲ್ಲ ತಾನೇ ಹೊತ್ತು ನಡೆಯಬೇಕಾದಂತೆ ಆಗುತ್ತದೆ ಆ ಕಾರಿನ ಪಾಡು. ಹೊತ್ತ ಶಕ್ತಿಯ ಬಹುಭಾಗ ಹೊರೆಯನ್ನು ಹೊರುವುದಕ್ಕೇ ಖರ್ಚಾಗಿಬಿಡುತ್ತದೆ. ಪೆಟ್ರೋಲಿಗೆ ಈ ತೊಂದರೆಯಿಲ್ಲ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್‌ನಷ್ಟು ಶಕ್ತಿ ಅಡಗಿದೆ. ಎಂಜಿನ್ನು ಅದರಲ್ಲಿ ಬಹುಪಾಲನ್ನು ಬರಿಯ ಬಿಸಿಯಾಗಿ ಕಳೆದುಬಿಡುತ್ತದೆಯಾದರೂ ಉಳಿದದ್ದೇ ಸಾಕಷ್ಟಾಗುತ್ತದೆ. ಒಂದು ಶತಮಾನದ ಕಾಲ ರಸ್ತೆಗಳನ್ನು ಪೆಟ್ರೋಲು ಆಳಿದ್ದಕ್ಕೆ ಇದು ಮುಖ್ಯ ಕಾರಣ.

ಕರ್ನಾಟಕದಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನವುಂಟು. ಚೇತನ್ ಮೈನಿಯವರು ಬೆಂಗಳೂರಿನಲ್ಲಿ ರೂಪಿಸಿದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿ ಇದ್ದುದು ಸೀಸದ ಬ್ಯಾಟರಿ. ಒಮ್ಮೆ ಪೂರ್ತಿ ತುಂಬಿದರೆ ಅದು ಸುಮಾರು 80 ಕಿಲೋಮೀಟರು ಓಡುತ್ತಿತ್ತು. ಬೆಂಗಳೂರಿನಿಂದ ಮದ್ದೂರಿಗೆ ಇರುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಮದ್ದೂರನ್ನು ತಲುಪಿ ಬಿಸಿ ವಡೆ ತಿಂದು ಮುಗಿಸುವಷ್ಟರಲ್ಲಿ ಬ್ಯಾಟರಿ ಮತ್ತೆ ತುಂಬುತ್ತಿತ್ತೆಂದೇನೂ ಅಲ್ಲ. ಅದು ಪೂರ್ತಿ ತುಂಬಲು ಹಲವು ಗಂಟೆಗಳೇ ಬೇಕಾಗಿದ್ದವು. ನಗರದೊಳಗಿನ ಓಡಾಟಕ್ಕೆ ರೇವಾ ಒಪ್ಪುತ್ತಿತ್ತೇ ಹೊರತು ಮಂಡ್ಯವನ್ನು ದಾಟಿ ಮೈಸೂರಿನವರೆಗೆ ಹೋಗುವ ಹೆದ್ದಾರಿಗೆ ಒಪ್ಪುತ್ತಿರಲಿಲ್ಲ. ಇದೇ ಕಾರಿಗೆ 2009ರ ಹೊತ್ತಿಗೆ ಹೊಸ ಬಗೆಯ ಬ್ಯಾಟರಿಯನ್ನು ಅಳವಡಿಸಿದ ಮಾದರಿಯೊಂದು ಸಿದ್ಧವಾಯಿತು. ಆ ಹೊಸ ಬಗೆಯದೇ ಲಿಥಿಯಂ ಅಯಾನು ಬ್ಯಾಟರಿ.

ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದುದು ಲಿಥಿಯಂ. ಅದನ್ನು ನೀರಿನಲ್ಲಿ ಹಾಕಿದರೆ ತೇಲುತ್ತದೆ. ತೇಲುತ್ತಲೇ ನೀರಿನೊಡನೆ ಬಿರುಸಿನಿಂದ ವರ್ತಿಸುತ್ತದೆ. ಹೊರಕವಚದಲ್ಲಿರುವ ಒಂದೇ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡಲು ಅದರ ಪರಮಾಣು ಸದಾ ಸಿದ್ಧ. ಬ್ಯಾಟರಿಗೆ ಬೇಕಾದುದು ಈ ಗುಣವೇ. ಆದರೆ ಇಂಥ ಚಪಲ ಲೋಹವನ್ನು ಪಳಗಿಸುವುದು ಸುಲಭವಾಗಿರಲಿಲ್ಲ. ವಿಟಿಂಗ್‌ಹ್ಯಾಮ್ 1970ರ ದಶಕದಲ್ಲಿ ತೋರಿದ ದಾರಿಯಲ್ಲಿ ಮುಂದುವರಿದು ಗುಡೆನಫ್ 1980ರಲ್ಲಿ ಕೋಬಾಲ್ಟ್ ಆಕ್ಸೈಡಿನ ಧನಧ್ರುವವನ್ನು ಕಂಡುಹಿಡಿದರು. ಜಪಾನಿನ ಯೋಶಿನೋ 1985ರಲ್ಲಿ, ಲಿಥಿಯಂ ಲೋಹವನ್ನು ನೇರವಾಗಿ ಬಳಸದೆ ಇಂಗಾಲದ ಋಣಧ್ರುವವನ್ನು ಇಟ್ಟು ಸುರಕ್ಷಿತವಾದ ಬ್ಯಾಟರಿಯನ್ನು ರಚಿಸಿದರು. 1991ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಈ ಮೂವರಿಗೂ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ಲಭಿಸಿತು. ಆಗ ಗುಡೆನಫ್ ಅವರ ವಯಸ್ಸು 97!

ಈ ಬ್ಯಾಟರಿ ಕೆಲಸ ಮಾಡುವ ರೀತಿ ಸೊಗಸಾಗಿದೆ. ಋಣಧ್ರುವದಲ್ಲಿರುವ ಗ್ರಾಫೈಟು ವೀಳ್ಯದೆಲೆಯ ಕಟ್ಟಿನಂತೆ ಪದರಪದರವಾಗಿರುತ್ತದೆ. ಬ್ಯಾಟರಿಯನ್ನು ತುಂಬುವಾಗ ಲಿಥಿಯಂ ಅಯಾನುಗಳು ಧನಧ್ರುವವನ್ನು ಬಿಟ್ಟು, ನಡುವಣ ವಿದ್ಯುದ್ವಿಭಾಜ್ಯ ದ್ರವವನ್ನು ಈಜಿ ಬಂದು, ಈ ಪದರಗಳ ನಡುವೆ ಸೇರಿಕೊಳ್ಳುತ್ತವೆ. ವಾಹನವು ಓಡುವಾಗ ಅವು ಬಂದ ದಾರಿಯಲ್ಲಿಯೇ ಹಿಂದಿರುಗುತ್ತವೆ. ಆದರೆ ಎಲೆಕ್ಟ್ರಾನುಗಳಿಗೆ ಆ ದ್ರವದಲ್ಲಿ ಹಾದಿಯಿಲ್ಲ. ಅವು ಹೊರಗಿನ ತಂತಿಯ ಮೂಲಕ, ಮೋಟಾರನ್ನು ತಿರುಗಿಸುತ್ತ, ಸುತ್ತು ಬಳಸಿ ಹೋಗಬೇಕಾಗುತ್ತದೆ. ಈ ಸುತ್ತು ಬಳಸುವಿಕೆಯೇ ವಿದ್ಯುತ್ಪ್ರವಾಹ. ಒಂದು ಯೂನಿಟ್ ವಿದ್ಯುತ್ತನ್ನು ಹೊರಲು ಈ ಬಗೆಯ ಬ್ಯಾಟರಿ ಸುಮಾರು 5 ಕಿಲೋ ತೂಗಿದರೆ ಸಾಕು. ಸೀಸದ 30 ಕಿಲೋ ಎಲ್ಲಿ, ಈ 5 ಕಿಲೋ ಎಲ್ಲಿ!

ಲಿಥಿಯಂ ಎಂಬ ಹೆಸರು ಗ್ರೀಕ್ ಭಾಷೆಯ ‘ಲಿಥೋಸ್’ ಎಂಬ ಶಬ್ದದಿಂದ ಬಂದಿದೆ. ಲಿಥೋಸ್ ಎಂದರೆ ಕಲ್ಲು. 1817ರಲ್ಲಿ ಅದು ಮೊದಲು ಪತ್ತೆಯಾದುದೂ ಕಲ್ಲಿನಲ್ಲಿಯೇ. ಎರಡು ಶತಮಾನಗಳ ಬಳಿಕ ಮಂಡ್ಯ ಜಿಲ್ಲೆಯ ಕಲ್ಲು ಅದೇ ಕಾರಣಕ್ಕಾಗಿ ದೇಶದ ಗಮನವನ್ನು ಸೆಳೆಯಿತು. ಅಣು ಖನಿಜ ನಿರ್ದೇಶನಾಲಯದ ಭೂವಿಜ್ಞಾನಿಗಳು ಜಿಲ್ಲೆಯ ಮಾರ್ಲಗಲ್ಲ ಮತ್ತು ಅಲ್ಲಾಪಟ್ಟಣ ಪ್ರದೇಶದಲ್ಲಿ, ನಾಗಮಂಗಲ ಶಿಲಾಪಟ್ಟಿಗೆ ಹೊಂದಿದ ಪೆಗ್ಮಟೈಟ್ ಎಂಬ ಶಿಲೆಯಲ್ಲಿ ಲಿಥಿಯಂ ಇರುವುದನ್ನು ಗುರುತಿಸಿದರು. ಭೂಗರ್ಭದ ಕರಗಿದ ದ್ರವ್ಯವು ನಿಧಾನವಾಗಿ ತಣಿಯುವಾಗ ಕೊನೆಯಲ್ಲಿ ಉಳಿದ ಭಾಗವು ಬಿರುಕುಗಳೊಳಗೆ ನುಗ್ಗಿ ಗಟ್ಟಿಯಾಗಿ ಪೆಗ್ಮಟೈಟ್ ಆಗುತ್ತದೆ. ಬೇರೆ ಶಿಲೆಗಳಲ್ಲಿ ಎಡೆ ಸಿಗದ ಲಿಥಿಯಂನಂತಹ ಧಾತುಗಳು ಈ ಕೊನೆಯ ಪಾಲಿನಲ್ಲಿ ಬಂದು ಸೇರುತ್ತವೆ.

2020ರ ಫೆಬ್ರವರಿಯಲ್ಲಿ ಈ ಸುದ್ದಿ ಪತ್ರಿಕೆಗಳಲ್ಲಿ ಹರಡಿತು. ಇಲ್ಲಿ ಸುಮಾರು 14,100 ಟನ್ ಲಿಥಿಯಂ ಇರಬಹುದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿವೃತ್ತ ಪ್ರಾಧ್ಯಾಪಕ ಎನ್. ಮುನಿಚಂದ್ರಯ್ಯನವರು ಅಂದಾಜು ಮಾಡಿದ್ದರು. ಚಿಲಿ ದೇಶದ ನಿಕ್ಷೇಪ ಆಗ 86 ಲಕ್ಷ ಟನ್ನೆಂದು ಎಣಿಕೆಯಾಗಿದ್ದುದನ್ನು ನೆನೆದರೆ ಇದು ದೊಡ್ಡ ಮೊತ್ತವೇನೂ ಆಗಿರಲಿಲ್ಲ. ಆದರೂ ಮಂಡ್ಯವು ಇನ್ನು ಬಿಳಿಯ ಬಂಗಾರದ ನಾಡೆಂಬ ಮಾತು ಎಲ್ಲೆಡೆ ಕೇಳಿಬಂದಿತು. ಮರುವರ್ಷ, 2021ರ ಫೆಬ್ರವರಿಯಲ್ಲಿ, ಕೇಂದ್ರ ಸರ್ಕಾರವು ಸಂಸತ್ತಿಗೆ ಕೊಟ್ಟ ಉತ್ತರದಲ್ಲಿದ್ದ ಅಂಕಿ ಬೇರೆಯೇ ಆಗಿತ್ತು: 1,600 ಟನ್. ಅದೂ ಪ್ರಾಥಮಿಕ ಶೋಧನೆಯಿಂದ ಊಹಿಸಿದ ಪ್ರಮಾಣ.

1,600 ಟನ್ ಎಂದರೆ ಎಷ್ಟು? 60 ಯೂನಿಟ್ ಹೊರುವ ಒಂದು ಕಾರಿನ ಬ್ಯಾಟರಿಗೆ ಸುಮಾರು 8 ಕಿಲೋ ಲಿಥಿಯಂ ಬೇಕಾಗುತ್ತದೆ. ಮಂಡ್ಯದ ಲಿಥಿಯಂ ಒಂದು ಕಣವೂ ನಷ್ಟವಾಗದೆ ದೊರೆಯಿತೆಂದೇ ಇಟ್ಟುಕೊಂಡರೂ ಅದು 2 ಲಕ್ಷ ಕಾರುಗಳಿಗೆ ಮುಗಿದುಹೋಗುತ್ತದೆ. ಭಾರತದಲ್ಲಿ ವರ್ಷಕ್ಕೆ ಮಾರಾಟವಾಗುವ ಕಾರುಗಳು 40 ಲಕ್ಷವನ್ನು ಮೀರಿವೆ. ಅವೆಲ್ಲವೂ ವಿದ್ಯುತ್ ಕಾರುಗಳಾದರೆ ಜಿಲ್ಲೆಯ ಲಿಥಿಯಂ ಮೂರು ವಾರಕ್ಕೂ ಸಾಲದು. ಸ್ಕೂಟರಿನ ಲೆಕ್ಕ ಸ್ವಲ್ಪ ಸಮಾಧಾನ ಕೊಡುತ್ತದೆ. 3 ಯೂನಿಟ್ ಹೊರುವ ಸ್ಕೂಟರಿಗೆ 400 ಗ್ರಾಂ ಲಿಥಿಯಂ ಸಾಕಾಗುವುದರಿಂದ 40 ಲಕ್ಷ ಸ್ಕೂಟರುಗಳಿಗೆ ಅದು ಒದಗೀತು. ಸುದ್ದಿಯ ತಲೆಬರಹವನ್ನು ನೋಡಿ ಹಿಗ್ಗಿದವರು ಈ ಭಾಗಾಕಾರವನ್ನು ಮಾಡಿ ನೋಡಿದ್ದರೆ ಚೆನ್ನಾಗಿತ್ತು.

ಹಾಗಾದರೆ ಕೋಟಿಗಟ್ಟಲೆ ವಾಹನಗಳಿಗೆ ಬ್ಯಾಟರಿ ಎಲ್ಲಿಂದ ಬರಬೇಕು? ವಿದೇಶದಿಂದ ತರಿಸಿಕೊಳ್ಳುವುದು ಒಂದು ಹಾದಿ. ಬ್ಯಾಟರಿಯ ಒಳಗಿನ ವಸ್ತುಗಳನ್ನೇ ಬದಲಿಸುವುದು ಇನ್ನೊಂದು ಹಾದಿ. ಈಚಿನ ವರ್ಷಗಳ ಮುಖ್ಯವಾದ ಪ್ರಗತಿಯೆಲ್ಲ ಈ ಎರಡನೆಯ ಹಾದಿಯಲ್ಲಿಯೇ ಆಗಿದೆ.

ಮೊದಲು ಬದಲಾದುದು ಧನಧ್ರುವ. ಕೋಬಾಲ್ಟು ದುಬಾರಿಯಾದ ಲೋಹ. ಅದರಲ್ಲಿ ಅರ್ಧಕ್ಕೂ ಹೆಚ್ಚು ಕಾಂಗೋ ಎಂಬ ಒಂದೇ ದೇಶದಿಂದ ಬರುತ್ತದೆ. ಅದರ ಬದಲು ಕಬ್ಬಿಣದ ಫಾಸ್ಫೇಟನ್ನು ಬಳಸಬಹುದೆಂದು 1997ರಲ್ಲಿ ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಗುಡೆನಫ್ ಒಂದು ಸಂಶೋಧನ ಲೇಖನದಲ್ಲಿ ತೋರಿಸಿದರು. ಕಬ್ಬಿಣಕ್ಕೂ ಫಾಸ್ಫೇಟಿಗೂ ಬರವಿಲ್ಲ. ಮೊದಮೊದಲು ಈ ವಸ್ತುವಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತಿರಲಿಲ್ಲ. ಅದನ್ನು ಅತಿ ಸಣ್ಣ ಕಣಗಳಾಗಿ ಮಾಡಿ, ಪ್ರತಿ ಕಣಕ್ಕೂ ಇಂಗಾಲದ ತೆಳುವಾದ ಲೇಪವನ್ನು ಕೊಟ್ಟಾಗ ಆ ದೋಷ ನೀಗಿತು. ಇದಕ್ಕೆ ಇನ್ನೊಂದು ದೊಡ್ಡ ಗುಣವುಂಟು. ಬ್ಯಾಟರಿ ಮಿತಿಮೀರಿ ಕಾದಾಗ ಹಳೆಯ ಬಗೆಯ ಧನಧ್ರುವವು ಆಮ್ಲಜನಕವನ್ನು ಹೊರಬಿಟ್ಟು ಬೆಂಕಿಗೆ ತಾನೇ ಒತ್ತಾಸೆಯಾಗುತ್ತದೆ; ಫಾಸ್ಫೇಟಿನಲ್ಲಿ ಆಮ್ಲಜನಕವು ರಂಜಕದೊಡನೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಅಷ್ಟು ಸುಲಭವಾಗಿ ಬಿಡುಗಡೆಯಾಗುವುದಿಲ್ಲ. 2022ರ ಬೇಸಗೆಯಲ್ಲಿ ಭಾರತದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಬ್ಯಾಟರಿಯ ಸುರಕ್ಷತೆಯ ನಿಯಮಗಳನ್ನು ಸರ್ಕಾರ ಬಿಗಿಗೊಳಿಸಿತು. 2024ರ ವೇಳೆಗೆ ಜಗತ್ತಿನ ವಿದ್ಯುತ್ ವಾಹನಗಳ ಬ್ಯಾಟರಿಗಳಲ್ಲಿ ಸುಮಾರು ಅರ್ಧದಷ್ಟು ಕಬ್ಬಿಣದ ಫಾಸ್ಫೇಟಿನವೇ ಆಗಿದ್ದವು.

ಕೋಬಾಲ್ಟು ಹೋದರೂ ಲಿಥಿಯಂ ಬೇಕೇ ಬೇಕಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಅದರ ಸ್ಥಾನದಲ್ಲಿ ಅಡುಗೆಯ ಉಪ್ಪಿನಲ್ಲಿರುವ ಸೋಡಿಯಂ ಅನ್ನು ಕೂರಿಸುವ ಪ್ರಯತ್ನ ಈಗ ಭರದಿಂದ ಸಾಗಿದೆ. ಸೋಡಿಯಂ ಪರಮಾಣು ಲಿಥಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಅದರ ಅಯಾನು ಗಾತ್ರದಲ್ಲಿಯೂ ದೊಡ್ಡದು. ಗ್ರಾಫೈಟಿನ ಪದರಗಳ ನಡುವೆ ಅದು ಸರಿಯಾಗಿ ನೆಲೆಗೊಳ್ಳುವುದಿಲ್ಲ. ಆದುದರಿಂದ ಅದಕ್ಕೆ ತಕ್ಕ ಬೇರೆ ಧ್ರುವಗಳನ್ನು ಹುಡುಕಬೇಕಾಯಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ವಿಜ್ಞಾನಿಗಳು ಅಂಥ ಒಂದು ಹೊಸ ವಸ್ತುವನ್ನು ರೂಪಿಸಿದ್ದಾರೆ. ಅದನ್ನು ಬಳಸಿದ ಸೋಡಿಯಂ ಬ್ಯಾಟರಿಯು ಆರೇ ನಿಮಿಷಗಳಲ್ಲಿ ನೂರಕ್ಕೆ 80 ಪಾಲು ತುಂಬುತ್ತದೆಂದೂ 3,000ಕ್ಕೂ ಹೆಚ್ಚು ಸಲ ತುಂಬಿ ಬಳಸಬಹುದೆಂದೂ 2025ರಲ್ಲಿ ಪ್ರಕಟವಾಯಿತು. ರೇವಾ ಕಾರಿನ ಗಂಟೆಗಳ ಕಾಯುವಿಕೆಯನ್ನು ಇದರೊಡನೆ ಹೋಲಿಸಿ ನೋಡಬಹುದು. ಮದ್ದೂರಿನಲ್ಲಿ ವಡೆ ತಣಿಯುವ ಮೊದಲೇ ಬ್ಯಾಟರಿ ತುಂಬಿರುತ್ತದೆ! ಆದರೆ ಪ್ರಯೋಗಾಲಯದ ಪುಟ್ಟ ಕೋಶದಲ್ಲಿ ಸಾಧಿಸಿದ್ದನ್ನು ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಮಾಡಿ ತೋರಿಸಲು ಹಲವು ವರ್ಷಗಳು ಹಿಡಿಯುವುದುಂಟು.

ಮೂರನೆಯ ಬದಲಾವಣೆ ನಡುವಣ ದ್ರವಕ್ಕೆ ಸಂಬಂಧಿಸಿದ್ದು. ಬೇಗನೆ ಹೊತ್ತಿಕೊಳ್ಳುವ ಆ ದ್ರವವನ್ನು ತೆಗೆದು ಘನವಸ್ತುವನ್ನು ಇಟ್ಟರೆ ಬೆಂಕಿಯ ಭಯ ತಗ್ಗುತ್ತದೆ. ಗ್ರಾಫೈಟಿನ ಬದಲು ಶುದ್ಧ ಲಿಥಿಯಂ ಲೋಹವನ್ನೇ ಬಳಸಿ ತೂಕವನ್ನು ಇನ್ನಷ್ಟು ಇಳಿಸಬಹುದು. ಆದರೆ ತುಂಬುವಾಗ ಲಿಥಿಯಂ ಸಮನಾಗಿ ಕೂರದೆ ಬೇರುಗಳಂತೆ ಬೆಳೆದು, ಆ ಘನವಸ್ತುವನ್ನೂ ಸೀಳಿಕೊಂಡು ಹೋಗಿ ಎರಡು ಧ್ರುವಗಳನ್ನು ಕೂಡಿಸಿಬಿಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2022ರಲ್ಲಿ ಇದರ ಮೂಲವನ್ನು ಕಂಡುಕೊಂಡರು. ಲಿಥಿಯಂನಲ್ಲಿ ಉಂಟಾಗುವ ಅತಿ ಸೂಕ್ಷ್ಮವಾದ ಪೊಳ್ಳುಗಳ ಅಂಚಿನಲ್ಲಿ ವಿದ್ಯುತ್ತು ಒತ್ತೊತ್ತಾಗಿ ನುಗ್ಗುವುದೇ ಕಾರಣ. ಟಂಗ್‌ಸ್ಟನ್‌ನಂತಹ ಲೋಹದ ತೀರ ತೆಳುವಾದ ಪದರವನ್ನು ನಡುವೆ ಇಟ್ಟರೆ ಆ ಬೇರುಗಳು ತಡವಾಗಿ ಮೂಡುತ್ತವೆ.

ಮಂಡ್ಯದ ಶಿಲೆಗೆ ಮರಳಿದರೆ, 2023ರಲ್ಲಿ ಸಂಸತ್ತು ಲಿಥಿಯಂ ಖನಿಜಗಳನ್ನು ಅಣು ಖನಿಜಗಳ ಪಟ್ಟಿಯಿಂದ ತೆಗೆದುಹಾಕಿದ ಬಳಿಕ ಖಾಸಗಿ ಕಂಪನಿಗಳಿಗೂ ಅವುಗಳನ್ನು ತೆಗೆಯುವ ಅವಕಾಶ ದೊರೆತಿದೆ. ಆದರೆ ಈ ಜಿಲ್ಲೆಯ ಜನರಿಗೆ ಕಬ್ಬಿನ ಲೆಕ್ಕ ಚೆನ್ನಾಗಿ ಗೊತ್ತು. ನೂರು ಕಿಲೋ ಕಬ್ಬನ್ನು ಅರೆದರೆ ಒಂಬತ್ತು ಹತ್ತು ಕಿಲೋ ಸಕ್ಕರೆ ದೊರೆಯುತ್ತದೆ. ಗಣಿಗೆ ತಕ್ಕುದೆಂದು ಎಣಿಸುವ ಪೆಗ್ಮಟೈಟಿನಲ್ಲಿಯೂ ನೂರು ಕಿಲೋ ಶಿಲೆಗೆ ಸುಮಾರು ಅರ್ಧ ಕಿಲೋ ಲಿಥಿಯಂ ಇರುತ್ತದೆ, ಅಷ್ಟೆ. ಆ ಪ್ರಮಾಣದಲ್ಲಿ 1,600 ಟನ್ ಪಡೆಯಲು 3 ಲಕ್ಷ ಟನ್ನಿಗೂ ಮಿಕ್ಕಿ ಕಲ್ಲನ್ನು ಒಡೆಯಬೇಕು. ಅದರಿಂದ ಬೇರ್ಪಡಿಸಿದ ಖನಿಜವನ್ನು ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಹುರಿಯಬೇಕು. ಗಂಧಕಾಮ್ಲದಲ್ಲಿ ಬೇಯಿಸಿ ನೀರಿನಿಂದ ತೊಳೆಯಬೇಕು. ಕಬ್ಬಿನ ಸಿಪ್ಪೆ ಕಾರ್ಖಾನೆಯ ಒಲೆಗೆ ಉರುವಲಾಗುತ್ತದೆ. ಲಿಥಿಯಂ ತೆಗೆದು ಉಳಿದ ಕಲ್ಲಿನ ಹುಡಿಯನ್ನು ಎಲ್ಲಿ ಹಾಕಬೇಕು, ತೊಳೆಯುವ ನೀರು ಯಾವ ನಾಲೆಯಿಂದ ಬರಬೇಕು ಎಂಬುದನ್ನು ಗಣಿಯ ಮೊದಲ ಗುದ್ದಲಿ ನೆಲಕ್ಕೆ ಬೀಳುವುದಕ್ಕೆ ಮುಂಚೆಯೇ ತೀರ್ಮಾನಿಸಬೇಕಾಗುತ್ತದೆ.