ಹುಳ ಹಣ್ಣಾಗೋದು ಯಾರ ಅಪ್ಪಣೆಯಿಂದ?

ರೇಷ್ಮೆ ಸಾಕುವವರಿಗೆಲ್ಲ ಗೊತ್ತಿರುವ ಸಂಕಟ ಇದು. ಐದನೇ ಹಂತದ ಆರನೆಯದೋ ಏಳನೆಯದೋ ದಿನ. ಹತ್ತು ಹುಳ ಹಣ್ಣಾಗಿ ತಲೆಯೆತ್ತಿಕೊಂಡು ಅಡ್ಡಾಡುತ್ತಿದ್ದರೆ, ಪಕ್ಕದ ಹತ್ತು ಇನ್ನೂ ಗಬಗಬ ಸೊಪ್ಪು ತಿನ್ನುತ್ತಿರುತ್ತವೆ. ಮನೆಮಂದಿಯೆಲ್ಲ ಎರಡು ದಿನ, ಒಮ್ಮೊಮ್ಮೆ ಮೂರು ದಿನ ಹುಳ ಆರಿಸುತ್ತ ಕೂರಬೇಕು. ಕೂಲಿಗೆ ಜನ ಇಲ್ಲ. ತಡ ಮಾಡಿದರೆ ಹಣ್ಣುಹುಳ ಸೊಪ್ಪಿನ ಮೇಲೇ ನೂಲು ಸುರಿದು ಹಾಳು. ಅವಸರಪಟ್ಟು ಇನ್ನೂ ಕಾಯಿಯಾಗಿರುವ ಹುಳವನ್ನು ಚಂದ್ರಿಕೆಗೆ ಬಿಟ್ಟರೆ ಗೂಡು ತೆಳು.

ಮೊಟ್ಟೆ ಒಂದೇ, ಸೊಪ್ಪು ಒಂದೇ, ಮನೆಯೂ ಒಂದೇ. ಹಾಗಿದ್ದೂ "ಇನ್ನು ತಿಂದದ್ದು ಸಾಕು, ನೂಲು ತೆಗಿ" ಅಂತ ಒಂದು ಹುಳಕ್ಕೆ ಇವತ್ತು, ಇನ್ನೊಂದಕ್ಕೆ ನಾಳೆ ಹೇಳುವವರು ಯಾರು?

ಇದಕ್ಕೆ ಉತ್ತರ ಹುಡುಕಿದವರು ಬಹುಪಾಲು ರೇಷ್ಮೆಹುಳವನ್ನೇ ಹಿಡಿದುಕೊಂಡು ಹುಡುಕಿದರು. ಜಪಾನಿನ ಸೊಯಿಚಿ ಫುಕುದಾ 1940ರ ಸುಮಾರಿಗೆ ಮಾಡಿದ ಪ್ರಯೋಗ ನೂಲಿನೆಳೆಯಷ್ಟೇ ಸರಳ. ಹುಳದ ನಡುವಿಗೆ ದಾರ ಬಿಗಿಯಾಗಿ ಕಟ್ಟಿದರು. ಮುಂದಿನ ಅರ್ಧ ಪ್ಯೂಪ ಆಯಿತು, ಹಿಂದಿನ ಅರ್ಧ ಹುಳವಾಗಿಯೇ ಉಳಿಯಿತು. ಎದೆಭಾಗದ ಒಂದು ಪುಟ್ಟ ಗ್ರಂಥಿಯನ್ನು ತೆಗೆದು ಹಿಂದಿನ ಅರ್ಧಕ್ಕೆ ಸೇರಿಸಿದರೆ ಅದೂ ಪ್ಯೂಪ ಆಗುತ್ತಿತ್ತು. ಅಂದರೆ ಅಪ್ಪಣೆ ಹೊರಡುವ ಜಾಗ ಈ ಗ್ರಂಥಿ, ಅದು ರಕ್ತದಲ್ಲಿ ಹರಿದು ಹೋಗುವಂಥದ್ದು.

ಆ ಅಪ್ಪಣೆಯ ವಸ್ತು ಕೈಗೆ ಸಿಕ್ಕಿದ್ದು 1954ರಲ್ಲಿ. ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋ ರೇಷ್ಮೆ ಪ್ಯೂಪ ಅರೆದು, ಸೋಸಿ ಸೋಸಿ, ಕೊನೆಗೆ ತೆಗೆದದ್ದು 25 ಮಿಲಿಗ್ರಾಂ ಹರಳು. ಹೆಚ್ಚುಕಡಿಮೆ ಒಂದು ಅಕ್ಕಿಕಾಳಿನ ತೂಕ! ಅದಕ್ಕೆ ಎಕ್ಡೈಸೋನ್ ಅಂತ ಹೆಸರಿಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಜ್ವರ ತರಿಸುವ ಹಾರ್ಮೋನು. ಹುಳ ನಾಲ್ಕು ಸಲ ಜ್ವರಕ್ಕೆ ಕೂತು ಪೊರೆ ಬಿಡುವುದೂ ಇದರಿಂದಲೇ, ಕೊನೆಗೆ ಹಣ್ಣಾಗುವುದೂ ಇದರಿಂದಲೇ.

ಇಷ್ಟು ಸ್ವಲ್ಪ ವಸ್ತು ಇಡೀ ಹುಳವನ್ನು ಅಲ್ಲಾಡಿಸುವುದು ಹೇಗೆ? ಕೆರೆ ದಂಡೆಯ ಮೇಲೆ ಸಂಜೆ ಹೊಗೆಯಂತೆ ಏಳುವ, ಸೊಳ್ಳೆಯನ್ನು ಹೋಲುವ ಆದರೆ ಕಚ್ಚದ ಕೀಟ ನೋಡಿದ್ದೀರಲ್ಲ? ಆ ಜಾತಿಯ ಮರಿಯ ಜೊಲ್ಲುಗ್ರಂಥಿಯಲ್ಲಿ ವರ್ಣತಂತುಗಳು ಹಗ್ಗದಷ್ಟು ದಪ್ಪ ಅನ್ನಬೇಕು, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣುತ್ತವೆ. 1960ರಲ್ಲಿ ಕ್ಲೆವರ್ ಮತ್ತು ಕಾರ್ಲ್ಸನ್ ಅದಕ್ಕೆ ಎಕ್ಡೈಸೋನ್ ಚುಚ್ಚಿದರು. ಅರ್ಧ ಗಂಟೆಯೊಳಗೆ ಹಗ್ಗದ ಒಂದು ಗೊತ್ತಾದ ಜಾಗ ಉಬ್ಬಿತು. ಆಮೇಲೆ ಇನ್ನೊಂದು ಕಡೆ. ಯಾವ ಮರಿಗೆ ಚುಚ್ಚಿದರೂ ಅದೇ ಜಾಗಗಳು. ಉಬ್ಬಿದ ಕಡೆ ಸುರುಳಿ ಬಿಚ್ಚಿಕೊಂಡು ಜೀನು ಕೆಲಸಕ್ಕಿಳಿದಿರುತ್ತದೆ. ಹಾರ್ಮೋನಿನ ಮಾತು ನೇರ ಜೀನಿನ ತನಕ ಹೋಗುತ್ತದೆ ಎಂದು ಕಣ್ಣಿಗೇ ತೋರಿದ್ದು ಆಗ.

ಆದರೆ ಹಾರ್ಮೋನು ತಾನೇ ಜೀನನ್ನು ಮುಟ್ಟುವುದಿಲ್ಲ. ನಡುವೆ ಒಬ್ಬ ಇದ್ದಾನೆ. ಕೆರೆಯ ತೂಬಿಗೊಬ್ಬ ನೀರಗಂಟಿ ಇರುತ್ತಿದ್ದ ಹಾಗೆ. ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎ ಮೇಲೇ ಕೂತಿರುವ ಒಂದು ಪ್ರೋಟೀನು, ಇದಕ್ಕೆ ಗ್ರಾಹಿ ಎನ್ನುತ್ತಾರೆ. ಎಕ್ಡೈಸೋನ್ ಗ್ರಾಹಿಯ ಜೀನನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಹಾಗ್ನೆಸ್ ತಂಡ 1991ರಲ್ಲಿ ಹಣ್ಣುನೊಣದಲ್ಲಿ ಗುರುತಿಸಿತು. ಈ ನೀರಗಂಟಿ ಒಂಟಿಯಲ್ಲ, ಜೋಡಿಯಾಗಿ ಇನ್ನೊಂದು ಪ್ರೋಟೀನು ಬೇಕೇಬೇಕು. ಹಾರ್ಮೋನು ಬರದಿದ್ದಾಗ ಈ ಜೋಡಿ ಸುಮ್ಮನೆ ಕೂತಿರುವುದಿಲ್ಲ, ತಡೆಯುವ ಪ್ರೋಟೀನುಗಳನ್ನು ಕಟ್ಟಿಕೊಂಡು ತೂಬು ಮುಚ್ಚಿಟ್ಟಿರುತ್ತದೆ. ಹಾರ್ಮೋನು ಬಂದು ಗ್ರಾಹಿಯ ಪೊಟರೆಯೊಳಗೆ ಕೂತ ಕೂಡಲೇ ಗ್ರಾಹಿಯ ಆಕಾರವೇ ಬದಲಾಗುತ್ತದೆ. ತಡೆಯುವವರು ಬಿಟ್ಟು ಹೋಗುತ್ತಾರೆ, ತೆರೆಯುವವರು ಬಂದು ಸೇರುತ್ತಾರೆ, ಡಿಎನ್‌ಎ ಸುರುಳಿ ಸಡಿಲಾಗಿ ಜೀನಿನ ನಕಲು ಶುರು. ಮೊದಲು ತೆರೆಯುವ ಕೆಲವೇ ಜೀನುಗಳಿಂದ ಹುಟ್ಟಿದ ಪ್ರೋಟೀನುಗಳು ಮುಂದಿನ ನೂರಾರು ಜೀನುಗಳನ್ನು ತೆರೆಯುತ್ತವೆ. ದೊಡ್ಡ ತೂಬು ಎತ್ತಿದರೆ ಸಾಕು, ಕಾಲುವೆ ಕಾಲುವೆಗೆ ನೀರು ತಾನಾಗಿ ಹೋಗುವ ಹಾಗೆ.

ಇದು ಹುಳದ ಮೈಯ ವಿಚಿತ್ರ ಮಾತ್ರ ಅಂದುಕೊಳ್ಳಬೇಡಿ. ಇದೇ ಮನೆತನದ 48 ಗ್ರಾಹಿಗಳು ನಮ್ಮ ಮೈಯಲ್ಲಿವೆ. ಥೈರಾಯ್ಡ್ ಹಾರ್ಮೋನು, ವಿಟಮಿನ್ 'ಡಿ', ಹೆಂಗಸರ ಈಸ್ಟ್ರೋಜನ್ ಎಲ್ಲವೂ ಇಂಥ ನೀರಗಂಟಿಗಳ ಮೂಲಕವೇ ಕೆಲಸ ಮಾಡುವುದು. ಆದರೆ ಎಕ್ಡೈಸೋನ್ ಗ್ರಾಹಿ ಮನುಷ್ಯರಲ್ಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಒಂದೇ ಹಾರ್ಮೋನು ನಾಲ್ಕು ಸಲ ಬರೀ ಪೊರೆ ಬಿಡಿಸಿ ಐದನೇ ಸಲ ಯಾಕೆ ಹಣ್ಣು ಮಾಡುತ್ತದೆ ಎಂಬ ಪ್ರಶ್ನೆ ನಿಮಗೆ ಬಂದಿರಬಹುದು. ಹುಳದಲ್ಲಿ ಎಳೆತನ ಕಾಯುವ ಇನ್ನೊಂದು ಹಾರ್ಮೋನು ಇದೆ, ಅದರ ಗ್ರಾಹಿ ಬೇರೆ ಮನೆತನದ್ದು. ಅದು ಇರುವ ತನಕ ಪೊರೆ ಬಿಟ್ಟರೂ ಹುಳ ಹುಳವೇ. ಐದನೇ ಹಂತದಲ್ಲಿ ಅದು ಇಳಿದುಹೋಗುತ್ತದೆ. ಆಮೇಲೆ ಎಕ್ಡೈಸೋನ್ ಏರಿದಾಗ ಬೇರೆಯೇ ಜೀನುಗಳು ತೆರೆಯುತ್ತವೆ. ಹುಳ ತಿನ್ನುವುದು ಬಿಟ್ಟು ಜಾಗ ಹುಡುಕುತ್ತದೆ.

ಈಗ ನಮ್ಮ ಲಾಭದ ವಿಷಯ. ಎಕ್ಡೈಸೋನ್ ಜಾತಿಯ ವಸ್ತುಗಳು ಗಿಡಗಳಲ್ಲೂ ಇವೆ ಎಂದು 1966ರಿಂದ ಗೊತ್ತಾಗುತ್ತ ಬಂತು, ಅದೂ ಹುಳದಲ್ಲಿ ಇರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಬೇಲಿಬದಿಯಲ್ಲಿ ಪಂಚೆಗೆ ಅಂಟುವ ಉತ್ತರಾಣಿಯಲ್ಲೂ ಇದೆ. ಗಿಡಮೂಲದ ಈ ವಸ್ತುವಿನಿಂದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ತಯಾರಿಸಿದ್ದೇ 'ಸಂಪೂರ್ಣ'. ನೂರಕ್ಕೆ ಐದರಿಂದ ಹತ್ತು ಹುಳ ಹಣ್ಣಾದದ್ದು ಕಂಡಾಗ, ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಸೊಪ್ಪಿನ ಮೇಲೆ ಚಿಮುಕಿಸಿ ಕೊಡುವುದು. ಹಿಂದುಳಿದ ಹುಳಗಳ ಗ್ರಾಹಿಗೂ ಒಟ್ಟಿಗೇ ಚೀಟಿ ಮುಟ್ಟಿದಂತಾಯಿತು. ಸುಮಾರು ಒಂದು ದಿನದೊಳಗೆ ಎಲ್ಲವೂ ಸಾಲಿಗೆ ಬರುತ್ತವೆ, ಆರಿಸುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಹಾಗಂತ ಎರಡು ದಿನ ಮುಂಚೆಯೇ ಕೊಟ್ಟುಬಿಡೋಣ ಎನ್ನಬಾರದು. ರೇಷ್ಮೆಗ್ರಂಥಿ ತುಂಬುವುದು ಐದನೇ ಹಂತದ ಕೊನೆಯ ದಿನಗಳ ಸೊಪ್ಪಿನಿಂದ. ಗ್ರಾಹಿಗೆ ಗ್ರಂಥಿ ತುಂಬಿದೆಯೋ ಇಲ್ಲವೋ ಬೇಕಾಗಿಲ್ಲ, ಹಾರ್ಮೋನು ಬಂತು, ತೂಬು ತೆರೆಯಿತು, ಅಷ್ಟೇ. ಹುಳ ಅರ್ಧಹೊಟ್ಟೆಯಲ್ಲೇ ನೂಲಲು ಹೋಗುತ್ತದೆ, ಗೂಡು ಹಗುರ. ಉತ್ತರಾಣಿ ಕಷಾಯ ಮನೆಯಲ್ಲೇ ಕಾಯಿಸಿಕೊಳ್ಳುತ್ತೇನೆ ಎನ್ನುವವರಿಗೂ ಇದೇ ಮಾತು: ಗಿಡದಿಂದ ಗಿಡಕ್ಕೆ ಅಂಶ ಎಷ್ಟಿದೆ ಎಂದು ಅಳೆಯುವ ದಾರಿ ನಮ್ಮ ಬಳಿ ಇಲ್ಲ.

ಇನ್ನು ಭಯಪಡಬೇಕಾದದ್ದು. ಇದೇ ಗ್ರಾಹಿಯ ಪೊಟರೆಗೆ ಸರಿಹೊಂದುವ ಕೀಟನಾಶಕಗಳಿವೆ, ಟೆಬುಫೆನೊಜೈಡ್, ಮೆಥಾಕ್ಸಿಫೆನೊಜೈಡ್. ನಿಜವಾದ ಹಾರ್ಮೋನು ಕೆಲಸ ಮುಗಿಸಿ ಇಳಿದುಹೋಗುತ್ತದೆ, ಆಮೇಲೇ ಹುಳ ಪೊರೆ ಬಿಟ್ಟು ಹೊರಬರುವುದು. ಈ ವಸ್ತುಗಳು ಇಳಿಯುವುದಿಲ್ಲ, ಕಚ್ಚಿಕೊಂಡೇ ಇರುತ್ತವೆ. ಹುಳ ತಿನ್ನುವುದು ನಿಲ್ಲಿಸಿ ವೇಳೆಯಲ್ಲದ ವೇಳೆಯಲ್ಲಿ ಜ್ವರಕ್ಕೆ ಕೂರುತ್ತದೆ. ಹಳೇ ತಲೆಚಿಪ್ಪಿನ ಕೆಳಗೆ ಹೊಸದು ಬೆಳೆದು ಎರಡು ತಲೆ ಸಿಕ್ಕಿಕೊಂಡಂತೆ ಕಾಣುತ್ತದೆ, ಪೊರೆ ಕಳಚಲಾಗದೆ ಸಾಯುತ್ತದೆ. ಪತಂಗ ಜಾತಿಯ ಗ್ರಾಹಿಗೆ ಇವು ಬಹಳ ಚೆನ್ನಾಗಿ ಹೊಂದುತ್ತವೆ, ಬೇರೆ ಕೀಟಗಳಿಗೆ ಅಷ್ಟಾಗಿ ಇಲ್ಲ. ಮನುಷ್ಯನಲ್ಲಂತೂ ಆ ಗ್ರಾಹಿಯೇ ಇಲ್ಲ. ಜೇನಿಗೆ, ಉಪಕಾರಿ ಕೀಟಕ್ಕೆ ತೊಂದರೆ ಕಡಿಮೆ ಎಂದು ಇವಕ್ಕೆ ಒಳ್ಳೆಯ ಹೆಸರು ಬಂದದ್ದು ಹೀಗೆ. 1998ರಲ್ಲಿ ಅಮೆರಿಕದಲ್ಲಿ ಟೆಬುಫೆನೊಜೈಡ್‌ಗೆ ಹಸಿರು ರಸಾಯನಶಾಸ್ತ್ರದ ಪ್ರಶಸ್ತಿಯನ್ನೂ ಕೊಟ್ಟರು. ಹೆಸರು ತಪ್ಪಲ್ಲ. ಆದರೆ ರೇಷ್ಮೆಹುಳವೂ ಪತಂಗವೇ ತಾನೆ! ಎಲೆಕೋಸಿನ, ಟೊಮೇಟೊದ ಹುಳಕ್ಕೂ ನಮ್ಮ ಹುಳಕ್ಕೂ ಈ ಔಷಧಿ ಭೇದ ಮಾಡದು.

ಆದ್ದರಿಂದ ಪಕ್ಕದ ತೋಟದವರು ಔಷಧಿ ಹೊಡೆಯುವ ಮೊದಲು ಡಬ್ಬದ ಮೇಲಿನ ಮೂಲ ಹೆಸರು ಕೇಳಿಟ್ಟುಕೊಳ್ಳಿ, ಅಂಗಡಿ ಹೆಸರು ಸಾಲದು. 'ಸುರಕ್ಷಿತ' ಎಂದು ಬರೆದಿದ್ದರೆ ಯಾರಿಗೆ ಸುರಕ್ಷಿತ ಎಂದೂ ಕೇಳಿ. ಗಾಳಿ ನಮ್ಮ ಹಿಪ್ಪುನೇರಳೆ ಕಡೆಗಿದ್ದರೆ ಅಂಚಿನ ಸಾಲುಗಳ ಸೊಪ್ಪನ್ನು ಆ ಬೆಳೆಗೆ ಕೊಯ್ಯದೆ ಬಿಡುವುದು ವಾಸಿ. ಸಂಶಯವಿದ್ದರೆ ಹತ್ತಿಪ್ಪತ್ತು ಹುಳಕ್ಕೆ ಬೇರೆ ತಟ್ಟೆಯಲ್ಲಿ ಆ ಸೊಪ್ಪು ಹಾಕಿ ಎರಡು ದಿನ ನೋಡಿ. ಮೇವು ಬಿಟ್ಟು, ತಲೆ ಎರಡಾದಂತೆ ಕಂಡ ಹುಳ ಒಂದು ಸಿಕ್ಕರೂ ಸಾಕು, ಆ ಸಾಲಿನ ಸೊಪ್ಪು ಮನೆಯೊಳಗೆ ತರಬೇಡಿ.